ಮೊದಲೇ ಹೊಡೆದ ಮೊಳೆ

ನಮ್ಮ ಮನೆಯ ಹಜಾರದ ಒಂದು ಗೋಡೆ ಮೊಮ್ಮಗಳಿಗೆ ಮೀಸಲು. ಬಾಗಿಲ ಕಡೆಯಿಂದ ನೋಡುತ್ತ ಬಂದರೆ ಮೊದಲು ಸಿಗುವುದು ಶಿಶುವಿಹಾರದ 'ಪದವಿ ಪ್ರದಾನ'. ನಾಲ್ಕು ವರ್ಷದ ಕೂಸಿಗೆ ಕಪ್ಪು ನಿಲುವಂಗಿ ತೊಡಿಸಿ, ತಲೆಗೆ ಚೌಕದ ಟೋಪಿ ಇಟ್ಟು, ಕೈಗೆ ರಿಬ್ಬನ್ ಕಟ್ಟಿದ ಕಾಗದದ ಸುರುಳಿ ಕೊಟ್ಟಿದ್ದಾರೆ. ಫೋಟೊದಲ್ಲಿ ಅವಳ ಮೂಗು ಸೋರುತ್ತಿದೆ. ಹಿಂದೆ ಅರ್ಧ ಮಾತ್ರ ಕಾಣುವ ಆಯಾ ಒಬ್ಬಳು ಕರವಸ್ತ್ರ ಹಿಡಿದು, ಫೋಟೊ ಮುಗಿದರೆ ಸಾಕೆಂದು ಕಾಯುತ್ತಿದ್ದಾಳೆ. ಇಡೀ ಗೋಡೆಯಲ್ಲಿ ನನಗೆ ಹಿಡಿಸಿದ ವ್ಯಕ್ತಿ ಅವಳೊಬ್ಬಳೇ.

ಆಮೇಲೆ ಶಾಲೆಯ ಅಂಕಪಟ್ಟಿ, ಕಾಲೇಜಿನ ಅಂಕಪಟ್ಟಿ, ಪದವಿ, ಸ್ನಾತಕೋತ್ತರ ಪದವಿ, ಅದರ ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಚಿನ್ನದ ಪದಕ. ಅದು ಚಿನ್ನದ ನೀರು ಕುಡಿಸಿದ ಹಿತ್ತಾಳೆ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಹುಟ್ಟಿದಾಗಲೇ ನಾವು ಅವಳನ್ನು ಬಂಗಾರಿ ಎಂದು ಕರೆದಿದ್ದೆವು. ಪದಕ ಬಂದ ದಿನ ನನ್ನ ಮಗ, "ನೋಡಿದ್ಯಾಮ್ಮ, ನಾವು ಸುಮ್ನೆ ಕರೀಲಿಲ್ಲ" ಎಂದು ಎದೆ ಉಬ್ಬಿಸಿದ. ಕೊನೆಗೆ ಲ್ಯಾಬಿನ ನೇಮಕಾತಿ ಪತ್ರ.

ಒಂದೊಂದು ಚೌಕಟ್ಟು ಗೋಡೆಗೇರಿದಾಗಲೂ ಮಗ ಸೊಸೆ ಇಬ್ಬರೂ ಹೇಳುವ ಮಾತು ಒಂದೇ. "ಇನ್ನು ನಮ್ ಹುಡುಗಿ ದೊಡ್ಡೋಳಾದ್ಲು." ಒಬ್ಬಳು ಎಷ್ಟು ಸಲ ದೊಡ್ಡವಳಾಗಬಹುದು ಎಂದು ನಾನು ಕೇಳಲಿಲ್ಲ. ಇಪ್ಪತ್ನಾಲ್ಕು ತುಂಬಿದ ದೊಡ್ಡವಳು ಸ್ನಾನದ ನಂತರ ಒದ್ದೆ ಟವೆಲನ್ನು ನನ್ನ ಹಾಸಿಗೆಯ ಮೇಲೆ ಎಸೆದು ಹೋಗುತ್ತಾಳೆ. ಕುಡಿದ ಲೋಟ ಅವಳು ಕೂತ ಕಡೆಯೇ ಉಳಿಯುತ್ತದೆ. ಮನೆಗೆ ಬಂದವರು ಮಾತಾಡಿಸಿದರೆ, ಉತ್ತರವನ್ನು ಕೈಯಲ್ಲಿರುವ ಫೋನಿಗೆ ಹೇಳುತ್ತಾಳೆ.

ನಾನು ಹೇಳುತ್ತಿರುವ ವಾರದಲ್ಲಿ ಗೋಡೆಗೆ ಇನ್ನೊಂದು ಚೌಕಟ್ಟು ಬಂದಿತ್ತು, ಖಾಲಿಯದು. ಶುಕ್ರವಾರ ಬಂಗಾರಿಯ ಕೆಲಸ ಕಾಯಂ ಆಗುವ ಪತ್ರ ಬರಬೇಕಿತ್ತು. ಸೊಸೆ ಒಂದು ವಾರ ಮೊದಲೇ ಮೊಳೆ ಹೊಡೆಸಿ, ಗಾಜು ಒರೆಸಿ ನೇತುಹಾಕಿದ್ದಳು. ಗಾಜಿನೊಳಗೆ ಬಿಳಿ ರಟ್ಟು ಮಾತ್ರ.

"ಪತ್ರ ಬಂದ್ಮೇಲೆ ಹಾಕಬಹುದಿತ್ತಲ್ಲ" ಎಂದೆ.

"ಬಂದೇ ಬರುತ್ತಲ್ಲ ಅತ್ತೆ! ಎಷ್ಟಿದ್ರೂ ಕೆಲಸ ಮೊದಲೇ ಮುಗಿಸಿಟ್ರೆ ನೆಮ್ಮದಿ" ಎಂದಳು.

ಮೊದಲೇ ಮುಗಿಸಿಡುವ ಈ ಬುದ್ಧಿ ತಾಯಿಯಿಂದಲೇ ಮಗಳಿಗೆ ಬಂದಿರಬೇಕು.

ಬಂಗಾರಿ ಸೇರಿದ್ದು ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುವ ರಕ್ತ ಪರೀಕ್ಷೆಯ ಲ್ಯಾಬ್‌ಗೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ರಕ್ತ ತೆಗೆಯುವವಳನ್ನು ಎಲ್ಲರೂ ಸೂಜಿ ಅಕ್ಕ ಎನ್ನುತ್ತಾರೆ. ಏಳನೇ ತರಗತಿ ಓದಿದವಳು. ಅವಳದು ಒಂದು ಕಟ್ಟುನಿಟ್ಟಿನ ಕ್ರಮ. ಎದುರು ಕೂತವರ ಮುಖ ನೋಡಿ, "ನಿಮ್ಮ ಹೆಸರು ನೀವೇ ಹೇಳಿ" ಎನ್ನುತ್ತಾಳೆ. ನೆರೆಮನೆಯವರಾದರೂ ಸರಿ, ಲ್ಯಾಬಿನ ಡಾಕ್ಟರೇ ಆದರೂ ಸರಿ. ರಕ್ತ ತುಂಬಿದ ಮೇಲೆ, ಕೂತವರು ಏಳುವ ಮೊದಲು, ಅವರ ಕಣ್ಣೆದುರೇ ಟ್ಯೂಬಿಗೆ ಚೀಟಿ ಅಂಟಿಸಿ ಹೆಸರು ಬರೆಯುತ್ತಾಳೆ. ಅಕ್ಷರ ದುಂಡಗೆ, ನಿಧಾನವಾಗಿ ಬರುತ್ತದೆ.

ಆ ನಿಧಾನವೇ ಬಂಗಾರಿಯ ಕಣ್ಣಿಗೆ ಬಿದ್ದದ್ದು. ಸೇರಿದ ಮೂರನೇ ತಿಂಗಳಿಗೆ ಅವಳು ಡಾಕ್ಟರಿಗೆ ಒಂದು ಸುಧಾರಣೆ ಬರೆದು ಕೊಟ್ಟಳು. ಬೆಳಿಗ್ಗೆಯೇ ಟೋಕನ್ ಪ್ರಕಾರ ಚೀಟಿಗಳನ್ನು ಯಂತ್ರದಲ್ಲಿ ಅಚ್ಚು ಹಾಕಿ, ಖಾಲಿ ಟ್ಯೂಬಿಗೆ ಅಂಟಿಸಿ, ಸಾಲಾಗಿ ಜೋಡಿಸಿಡುವುದು. ಚೀಟಿಯ ಮೇಲೆ ಹೆಸರಿಲ್ಲ, ಯಂತ್ರ ಓದುವ ಕಪ್ಪು ಗೆರೆಗಳಷ್ಟೇ; ಟೋಕನ್ ಕೊಡುವಾಗ ಬರೆಸಿದ ಹೆಸರು ಆ ಗೆರೆಗಳಿಗೆ ಸೇರಿಕೊಳ್ಳುತ್ತದೆ. ಹೆಸರು ಕೇಳುವುದು, ಬರೆಯುವುದು ಎರಡೂ ಬೇಡ. ತಲೆಗೆ ಒಂದು ನಿಮಿಷ ಉಳಿತಾಯವಂತೆ. ಡಾಕ್ಟರು ಶಹಬ್ಬಾಸ್ ಅಂದರು. ಅದನ್ನು ನನ್ನ ಮಗ ಬಂದು ಹೋದವರಿಗೆಲ್ಲ ಹೇಳಿದ, ಹಾಲು ತರುವವನನ್ನೂ ಬಿಡಲಿಲ್ಲ.

ಆ ಸೋಮವಾರ ಬೆಳಿಗ್ಗೆ ನಾನು ಮೂರು ತಿಂಗಳಿಗೊಮ್ಮೆ ಮಾಡಿಸುವ ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋದೆ. ನನ್ನ ಟೋಕನ್ ಹದಿನೇಳು. ಪಕ್ಕದ ಕುರ್ಚಿಯಲ್ಲಿ ಹದಿನೆಂಟರವಳು ಕೂತಿದ್ದಳು. ಬಟ್ಟೆ ಹೊಲಿಯುವ ಹೆಂಗಸು. ರವಿಕೆಯ ತೋಳಿಗೆ ಚುಚ್ಚಿದ ಗುಂಡುಸೂಜಿಗಳು ಹಾಗೇ ಇದ್ದವು. ಮೊಣಕಾಲು ಕುಣಿಸುತ್ತ ಬಾಗಿಲನ್ನೇ ನೋಡುತ್ತಿದ್ದಳು.

"ಯಾಕಮ್ಮ, ಅವಸರವಾ?"

"ಮಗೂನ ಪಕ್ಕದ್ಮನೇಲಿ ಬಿಟ್ಟು ಬಂದಿದೀನಿ. ಅವರೂ ಕೆಲಸಕ್ಕೆ ಹೊರಡೋ ಹೊತ್ತು."

"ಹಾಗಾದ್ರೆ ನೀನು ಮೊದಲು ಹೋಗು. ನನಗೆ ಮನೆಗೆ ಹೋಗಿ ಯಾವ ರಾಜ್ಯ ಆಳೋದಿದೆ?"

ಅವಳು ನನ್ನ ಕೈ ಅದುಮಿ ಎದ್ದಳು. ಎದ್ದವಳು ನನ್ನ ಹೆಗಲಿನಿಂದ ಜಾರಿದ್ದ ಶಾಲನ್ನು ಸರಿಮಾಡಿ ಹೋದಳು, ಅಷ್ಟು ಅವಸರದಲ್ಲೂ.

ರಕ್ತ ತೆಗೆಯುವ ಕೋಣೆಯ ಒಂದು ಗೋಡೆಯಲ್ಲಿ ಸಣ್ಣ ಕಿಂಡಿಯಿದೆ. ಆಚೆ ಕಡೆ ಬಂಗಾರಿ ಕೂತು ಟ್ಯೂಬುಗಳನ್ನು ಸಾಲಿನಿಂದ ಒಂದೊಂದಾಗಿ ಎತ್ತಿ ಕೊಡುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ಅವಳ ಕೈ ಮಾತ್ರ. ಉಗುರಿಗೆ ಹೊಸದಾಗಿ ಬಣ್ಣ ಹಚ್ಚಿದ್ದಳು.

ಸೂಜಿ ಅಕ್ಕ ಹೊಲಿಗೆಯವಳ ಮುಖ ನೋಡಿ, "ನಿಮ್ಮ ಹೆಸರು ನೀವೇ..." ಎಂದು ಶುರುಮಾಡಿದಳು.

ಕಿಂಡಿಯಾಚೆಯಿಂದ ದನಿ ಬಂತು. "ಸೂಜಿ ಅಕ್ಕಾ, ಎಷ್ಟು ಸಲ ಹೇಳ್ಬೇಕು? ಎಲ್ಲಾ ಚೀಟೀಲಿದೆ. ಸುಮ್ನೆ ತುಂಬಿಸಿ ಕೊಡಿ."

ಸೂಜಿ ಅಕ್ಕ ಬಾಯಿ ಮುಚ್ಚಿದಳು. ಕಿಂಡಿಯಿಂದ ಹದಿನೇಳರ ಟ್ಯೂಬ್ ಬಂತು, ಹೊಲಿಗೆಯವಳ ರಕ್ತ ತುಂಬಿಕೊಂಡು ಹೋಯಿತು. ಆಮೇಲೆ ಹದಿನೆಂಟರದು ಬಂತು, ನನ್ನ ರಕ್ತ ತುಂಬಿಕೊಂಡು ಹೋಯಿತು. ಆ ಹೊತ್ತಿಗೆ ಇದು ನನಗೂ ಹೊಳೆಯಲಿಲ್ಲ. ನಾನು ಸೂಜಿ ಅಕ್ಕನನ್ನು ನೋಡುತ್ತಿದ್ದೆ. ಅವಳು ತನ್ನ ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಆಮೇಲಷ್ಟೇ ನನ್ನ ತೋಳು ಮುಟ್ಟಿದಳು.

"ನರ ಎಲ್ಲಿ ಬಚ್ಚಿಟ್ಕೊಂಡ್ರಿ ಅಮ್ಮಾವ್ರೆ? ನಾನೇನು ಕದ್ಕೊಂಡು ಹೋಗ್ತೀನಾ?"

ನಾನು ನಗುವಷ್ಟರಲ್ಲಿ ಸೂಜಿ ಹೋಗಿ ಬಂದಾಗಿತ್ತು. ಗೋಡೆಯಾಚೆ ಕೂತಿದ್ದ ನನ್ನ ಸ್ವಂತ ಮೊಮ್ಮಗಳು ಒಮ್ಮೆ ತಲೆ ಎತ್ತಿದ್ದರೆ ಕಿಂಡಿಯಲ್ಲಿ ನನ್ನ ಮುಖ ಕಾಣುತ್ತಿತ್ತು. ಎತ್ತಲಿಲ್ಲ.

ಅಂದು ಸಂಜೆ ರಿಪೋರ್ಟು ಬಂತು. ನನ್ನ ಸಕ್ಕರೆ ಇಪ್ಪತ್ತೆಂಟರ ಹುಡುಗಿಯ ಹಾಗಿತ್ತು. ಸೊಸೆ ಸಂತೋಷಪಟ್ಟು ನನ್ನ ತಟ್ಟೆಗೆ ಕೇಕಿನ ಒಂದು ತುಂಡು ಹಾಕಿದಳು. ಮಗ, "ಅಮ್ಮ, ಗುಳಿಗೆ ಅರ್ಧ ಮಾಡಬಹುದೇನೋ" ಎಂದ. ನಾನೂ ಸಂತೋಷಪಟ್ಟೆ, ಕೇಕು ತಿಂದೆ. ಪೆದ್ದುತನದಲ್ಲಿ ನಮ್ಮ ಮನೆಯವರು ಯಾರೂ ಯಾರಿಗೂ ಕಡಿಮೆಯಿಲ್ಲ.

ಬುಧವಾರ ಸಂಜೆ ಬಂಗಾರಿ ಲ್ಯಾಬಿನಿಂದ ಬಂದವಳೇ ಚೀಲವನ್ನು ಸೋಫಾಗೆ ಎಸೆದು, "ಸೂಜಿ ಅಕ್ಕ ಎಡವಟ್ಟು ಮಾಡಿದಾರೆ, ದೊಡ್ಡ ರಾದ್ಧಾಂತ" ಎಂದಳು. ಯಾರೋ ಹೊಲಿಗೆಯ ಹೆಂಗಸಿಗೆ ಸಕ್ಕರೆ ವಿಪರೀತ ಎಂದು ರಿಪೋರ್ಟು ಹೋಗಿತ್ತಂತೆ. ಅವರ ಬೀದಿಯ ಡಾಕ್ಟರು ಗುಳಿಗೆ ಬರೆದರಂತೆ. ಇಲ್ಲದ ಕಾಯಿಲೆಗೆ ಗುಳಿಗೆ ನುಂಗಿ, ಅವಳು ಹೊಲಿಗೆ ಯಂತ್ರದ ಮೇಲೇ ಕುಸಿದು ಬಿದ್ದಳಂತೆ. ಯಂತ್ರದ ಸೂಜಿ ಬೆರಳಿನಲ್ಲಿ ಇಳಿದಿತ್ತಂತೆ. ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಅವಳಿಗೆ ಏನೂ ಇಲ್ಲವೆಂದು ತಿಳಿಯಿತು.

"ಸೂಜಿ ಅಕ್ಕ ಹದಿನೇಳು, ಹದಿನೆಂಟು ಎರಡನ್ನೂ ಅದಲು ಬದಲು ಮಾಡಿಬಿಟ್ಟಿದಾರೆ. ನಾನು ಡಾಕ್ಟರಿಗೆ ಬರೆದು ಕೊಟ್ಟೆ. ಶುಕ್ರವಾರ ಅವರನ್ನ ಕೆಲಸದಿಂದ ಬಿಡಿಸ್ತಾರೆ."

ನಾನು ಹಿಡಿದಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟೆ. "ಹದಿನೇಳು ನಾನು ಕಣೆ."

"ಗೊತ್ತು ಅಜ್ಜಿ. ಅದಕ್ಕೇ ಹೇಳ್ತಿದೀನಿ, ನಿನ್ನ ರಿಪೋರ್ಟೂ ತಪ್ಪು. ಗುಳಿಗೆ ಅರ್ಧ ಮಾಡ್ಬೇಡ."

"ಸೂಜಿ ಅಕ್ಕ ಏನೂ ಬದಲು ಮಾಡಿಲ್ಲ. ಆ ಹುಡುಗಿಗೆ ನನ್ನ ಸರದಿ ನಾನೇ ಬಿಟ್ಟುಕೊಟ್ಟೆ. ಅವಳು ಹೆಸರು ಕೇಳೋಕೆ ಹೊರಟ್ಲು. ನೀನು ಬಾಯಿ ಮುಚ್ಚಿಸ್ದೆ. ಟ್ಯೂಬ್ ಎತ್ತಿ ಕೊಟ್ಟಿದ್ದು ನಿನ್ನ ಕೈ."

ಬಂಗಾರಿ ನನ್ನನ್ನು ನೋಡಿದಳು. ಆ ನೋಟದಲ್ಲಿ ನಾಚಿಕೆ ಇದ್ದೀತೆಂದು ನಾನು ಒಂದು ಕ್ಷಣ ಕಾದೆ.

"ನೀನ್ಯಾಕೆ ಸರದಿ ಬಿಟ್ಟೆ ಅಜ್ಜಿ?" ಎಂದಳು. "ಟೋಕನ್ ಅಂತ ಯಾಕಿರೋದು? ನಿನ್ನಿಂದಲೇ ಇಷ್ಟೆಲ್ಲ ಆಗಿದ್ದು!"

ಇಬ್ಬರು ಪ್ರಾಧ್ಯಾಪಕರ ಸಹಿ ಇರುವ ಸ್ನಾತಕೋತ್ತರ ಪದವಿ ಅವಳ ತಲೆಯ ಹಿಂದೆಯೇ ತೂಗುತ್ತಿತ್ತು.

ಮಗ ಎದ್ದು ಕಿಟಕಿ ಮುಚ್ಚಿದ, ನಾವೇನೋ ಕಳ್ಳಮಾಲು ಹಂಚಿಕೊಳ್ಳುತ್ತಿರುವ ಹಾಗೆ. "ಅಮ್ಮ, ಇದು ಇಲ್ಲಿಗೇ ಇರ್ಲಿ. ಅವಳ ಜೀವನದ ಪ್ರಶ್ನೆ."

"ಯಾರ ಜೀವನ?"

"ಬಂಗಾರಿದು! ಮೊದಲ್ನೇ ಕೆಲಸದಲ್ಲೇ ಕಪ್ಪು ಚುಕ್ಕೆ ಬಿದ್ರೆ ಮುಂದೆ ಯಾರು ಕೇಳ್ತಾರೆ?"

ಸೊಸೆ ನನ್ನ ಪಕ್ಕ ಬಂದು ಕೂತು ದನಿ ತಗ್ಗಿಸಿದಳು. "ಅತ್ತೆ, ಶುಕ್ರವಾರ ಪತ್ರ ಕೈಗೆ ಬರ್ಲಿ. ಆಮೇಲೆ ಆ ಸೂಜಿ ಅಕ್ಕಂಗೆ ಏನಾದ್ರೂ ಮಾಡೋಣ. ನಮ್ಮ ಹಳೇ ಬೀರು ಇದೆಯಲ್ಲ, ಕೊಟ್ಟುಬಿಡೋಣ. ಪಾಪ."

ಇಪ್ಪತ್ತೆರಡು ವರ್ಷದ ಕೆಲಸಕ್ಕೆ ಬದಲಾಗಿ ಬಾಗಿಲು ಸರಿಯಾಗಿ ಮುಚ್ಚದ ಬೀರು. ಸೊಸೆ ಕೆಟ್ಟವಳಲ್ಲ, ನನ್ನ ಕಾಲು ಊದಿದರೆ ಬಿಸಿನೀರು ತಂದಿಡುವವಳು ಅವಳೇ. ಅದಕ್ಕೇ ಆ ಮಾತು ಇನ್ನಷ್ಟು ಹೇಸಿಗೆಯಾಯಿತು.

ಬೇರೆಯವರನ್ನು ಹೀಗೆ ತೂಗುವಾಗ ನನ್ನನ್ನೂ ತಕ್ಕಡಿಗೆ ಹಾಕಬೇಕು. ನಾನು ಬಿ.ಎ. ಮುಗಿಸಿ ತಂತಿ ಕಚೇರಿಗೆ ಸೇರಿದಾಗ ನನಗೆ ಇಪ್ಪತ್ತೆರಡು. ನಮ್ಮ ಬೀದಿಯಲ್ಲಿ ಪದವಿ ಪಡೆದ ಮೊದಲ ಹೆಣ್ಣು. ಮೊದಲ ತಿಂಗಳ ಕೊನೆಗೆ ಅಪ್ಪ ನನ್ನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೊ ತೆಗೆಸಿದರು. ಮರುವಾರ ನಾನು ಒಂದು ತಂತಿಯ ವಿಳಾಸದಲ್ಲಿ 7 ಅನ್ನು 1ರ ಹಾಗೆ ಬರೆದೆ. ಸಾವಿನ ಸುದ್ದಿ ತಪ್ಪು ಮನೆಗೆ ಹೋಯಿತು. ಒಂದು ಮನೆಯವರು ಸುಮ್ಮನೆ ಅತ್ತರು, ಅಳಬೇಕಾದವರು ಮಣ್ಣಿಗೆ ಹೋಗಿ ಮುಟ್ಟಲಿಲ್ಲ. ತಂತಿ ಹಂಚುವವನು ವಿಳಾಸ ತಪ್ಪಿದ ಎಂದು ಮೇಲಿನವರು ತೀರ್ಮಾನಿಸಿದರು. ಅವನು ಮಳೆಗಾಲದಲ್ಲಿ ನನ್ನ ಒದ್ದೆ ಚಪ್ಪಲಿಯನ್ನು ಕಚೇರಿಯ ಚಹಾ ಒಲೆಯ ಪಕ್ಕ ಒಣಗಿಸಿಟ್ಟು, ಸಂಜೆ ಹೊರಡುವಾಗ ಬಾಗಿಲಲ್ಲಿ ಇಡುತ್ತಿದ್ದ. ಅವನನ್ನು ತೆಗೆದುಹಾಕಿದ ದಿನ ನಾನು ತಲೆ ಬಗ್ಗಿಸಿ ಬರೆಯುತ್ತ ಕೂತಿದ್ದೆ. ಆ ಸಂಜೆ ಚಪ್ಪಲಿ ಒದ್ದೆಯಾಗಿಯೇ ಇತ್ತು. ಮನೆಯಲ್ಲಿ ಸ್ಟುಡಿಯೋದ ಫೋಟೊ ಬಂದಿತ್ತು. ಎಲ್ಲರೂ ನಾನು ದೊಡ್ಡವಳಾದೆ ಎಂದರು.

ಆ ಮೇಲೆ ನಾನು 7 ಬರೆದಾಗಲೆಲ್ಲ ಅದರ ನಡುವೆ ಒಂದು ಅಡ್ಡಗೆರೆ ಎಳೆಯುತ್ತೇನೆ. ಅಷ್ಟೇ ನಾನು ಮಾಡಿಕೊಂಡ ಪ್ರಾಯಶ್ಚಿತ್ತ. ಎಂಥ ಅಗ್ಗದ್ದು!

ಶುಕ್ರವಾರ ಬೆಳಿಗ್ಗೆ ಬಂಗಾರಿ ಹೊಸ ಬಟ್ಟೆ ತೊಟ್ಟು ಹೊರಟಳು. ಅರ್ಧ ಗಂಟೆ ಬಿಟ್ಟು ನಾನೂ ಹೊರಟೆ.

"ಎಲ್ಲಿಗೆ ಅತ್ತೆ?"

"ರಕ್ತ ಮತ್ತೆ ಕೊಡ್ಬೇಕಲ್ಲ."

ಸೊಸೆ ನನ್ನ ಮುಖ ನೋಡಿದಳು. ಒಳಗೆ ಹೋಗಿ ನನ್ನ ಕೋಲು ತಂದು ಕೈಗೆ ಕೊಟ್ಟಳು. ಅದನ್ನು ನಾನು ಮರೆಯುವುದಿಲ್ಲ.

ಸೂಜಿ ಅಕ್ಕ ತನ್ನ ಸ್ಟೂಲಿನ ಮೇಲೆಯೇ ಇದ್ದಳು. ಕಾಲ ಬಳಿ ಬಟ್ಟೆಯ ಚೀಲ. ಅದರಲ್ಲಿ ಅವಳ ಲೋಟ, ಶಾಲು, ಗೋಡೆಗೆ ಅಂಟಿಸಿಕೊಂಡಿದ್ದ ಒಂದು ಕ್ಯಾಲೆಂಡರು. ಹೋಗಲು ಸಿದ್ಧಳಾಗಿದ್ದಳು. ಆದರೂ ಅಂಗೈ ಉಜ್ಜಿದಳು.

"ನಿಮ್ಮ ಹೆಸರು ನೀವೇ ಹೇಳಿ ಅಮ್ಮಾವ್ರೆ. ಇವತ್ತು ನನ್ನ ಬಾಯಿ ಯಾರು ಮುಚ್ಚಿಸ್ತಾರೆ?"

ಹೇಳಿದೆ. ರಕ್ತ ತುಂಬಿದ ಟ್ಯೂಬಿಗೆ ಬಿಳಿ ಚೀಟಿ ಅಂಟಿಸಿ, ದುಂಡಗೆ ಬರೆದು, ನನ್ನ ಕಣ್ಣ ಮುಂದೆ ಹಿಡಿದಳು. "ಸರಿ ಇದೆಯಾ?"

"ನೀನ್ಯಾಕೆ ಡಾಕ್ಟರಿಗೆ ನಿಜ ಹೇಳ್ಲಿಲ್ಲ?"

"ಹೇಳ್ದೆ. ನಾನು ಯಾವತ್ತೂ ಟ್ಯೂಬ್ ಬದಲು ಮಾಡಿಲ್ಲ ಅಂದೆ. ಹಾಗಾದ್ರೆ ಹೇಗಾಯ್ತು ಹೇಳು ಅಂದ್ರು. ನಂಗೇನು ಗೊತ್ತು ಹೇಗಾಯ್ತು ಅಂತ? ಆ ಗೆರೆ ನಾನು ಓದೋಕಾಗುತ್ತಾ?" ಹತ್ತಿಯನ್ನು ನನ್ನ ತೋಳಿಗೆ ಒತ್ತಿ ಹಿಡಿದಳು. "ಬಂಗಾರೀನ ಬೈಬೇಡಿ. ಎಳೇ ಹುಡುಗಿ, ಹೆದರ್ಕೊಂಡಿದಾಳೆ. ಸೇರಿದ ವಾರ ರಕ್ತ ನೋಡಿ ತಲೆ ತಿರುಗಿ ಇಲ್ಲೇ ಬಿದ್ದಿದ್ಲು. ಮುಖಕ್ಕೆ ನೀರು ಹಾಕಿ, ಬಾಗ್ಲು ಹಾಕ್ಕೊಂಡು ಕೂರಿಸ್ಕೊಂಡಿದ್ದೆ. ಡಾಕ್ಟರಿಗೆ ತಿಳಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು. ನೀವೂ ಹೇಳ್ಬೇಡಿ ಮತ್ತೆ."

ನನಗೆ ಗೋಡೆಯ ಫೋಟೊದ ಆಯಾ ನೆನಪಾದಳು. ಈ ಹುಡುಗಿಯ ಸೋರುವ ಮೂಗನ್ನು ಒರೆಸಲು ಹಿಂದೆ ಯಾರಾದರೊಬ್ಬರು ಯಾವಾಗಲೂ ನಿಂತೇ ಇರುತ್ತಾರೆ, ಅರ್ಧ ಮುಖ ಮಾತ್ರ ಕಾಣುವ ಹಾಗೆ.

ಡಾಕ್ಟರ ಕೋಣೆಗೆ ಹೋದೆ. ಮೇಜಿನ ಮೇಲೆ ಎರಡು ಲಕೋಟೆಗಳಿದ್ದವು. ಎದುರು ಬಂಗಾರಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ನನ್ನನ್ನು ಕಂಡು ಕಾಲು ಇಳಿಸಿದಳು.

"ಬನ್ನಿ ಬನ್ನಿ ಅಮ್ಮ, ಮೊಮ್ಮಗಳ ಪತ್ರ ತಗೊಂಡು ಹೋಗೋಕೆ ನೀವೇ ಬಂದ್ರಾ?" ಎಂದು ಡಾಕ್ಟರು ನಕ್ಕರು.

"ಬಂಗಾರಿ, ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಅಜ್ಜಿ, ಇದು ಕೆಲಸ ಮಾಡೋ ಜಾಗ. ಮನೆಗೆ ಹೋಗಿ ಮಾತಾಡೋಣ."

"ಮನೇಲಿ ಮಾತಾಡಿ ಆಯ್ತಲ್ಲ. ನಿಂಗೆ ಹೇಳೋ ಅವಕಾಶ ಇದೆ ಇನ್ನೂ. ನಾನು ಕೂತ್ಕೋತೀನಿ, ಕಾಲು ನೋಯುತ್ತೆ."

ಕೂತೆ. ಬಂಗಾರಿ ತನ್ನ ಉಗುರಿನ ಬಣ್ಣವನ್ನು ಕೆರೆಯುತ್ತ ಕೂತಳು. ಅವಳು ತಲೆ ಬಗ್ಗಿಸಿದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ತಂತಿ ಕಚೇರಿಯ ಮೇಜಿನ ಮುಂದೆ ನಾನೂ ಹಾಗೆಯೇ ಬಗ್ಗಿಸಿದ್ದೆ. ಅವಳ ಮೇಲೆ ಕನಿಕರ ಹುಟ್ಟಬೇಕಿತ್ತು. ಹುಟ್ಟಿದ್ದು ಅಸಹ್ಯ, ಇಬ್ಬರ ಮೇಲೂ.

ನಾನೇ ಹೇಳಿದೆ. ಸರದಿ ಬಿಟ್ಟದ್ದು, ಹೆಸರು ಕೇಳಲು ಹೊರಟದ್ದು, ಬಾಯಿ ಮುಚ್ಚಿಸಿದ್ದು, ಕಿಂಡಿಯಿಂದ ಬಂದ ಕೈ. ತಲೆ ತಿರುಗಿ ಬಿದ್ದದ್ದನ್ನು ಹೇಳಲಿಲ್ಲ; ಅದು ಸೂಜಿ ಅಕ್ಕನ ಗುಟ್ಟು.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಬೇಸರವಾದದ್ದು ಹೊಲಿಗೆಯವಳ ಬೆರಳಿಗಾಗಿಯಲ್ಲ. "ನೋಡಿ, ಈ ಹೊಸ ಕ್ರಮಕ್ಕೆ ನಾನೂ ಸಹಿ ಹಾಕಿದೀನಿ" ಎಂದರು. ಅವರ ಹಿಂದಿನ ಗೋಡೆಯಲ್ಲೂ ಐದು ಚೌಕಟ್ಟುಗಳಿದ್ದವು. "ಇದನ್ನೆಲ್ಲ ನೀವು ಬರೆದು ಕೊಡ್ಬೇಕಾಗುತ್ತೆ ಅಮ್ಮ."

ಕಾಲು ನೋವಿನ ಮುದುಕಿ ಬರೆಯುವುದಿಲ್ಲ ಎಂಬ ಆಸೆ ಆ ಮಾತಿನಲ್ಲಿತ್ತು.

"ಪೆನ್ ಕೊಡಿ" ಎಂದೆ.

ಒಂದೂವರೆ ಪುಟ ಬರೆದೆ. 17 ಬರೆದು ಏಳಕ್ಕೆ ಅಡ್ಡಗೆರೆ ಎಳೆದೆ. "ಆ ಹೊಲಿಗೆ ಹುಡುಗಿ ಕೇಳಿದ್ರೆ ಅವಳಿಗೂ ಇದನ್ನೇ ಹೇಳ್ತೀನಿ" ಎಂದು ಸಹಿ ಹಾಕಿದೆ. ಡಾಕ್ಟರು ಎರಡೂ ಲಕೋಟೆಗಳನ್ನು ಎತ್ತಿ ಡ್ರಾಯರಿನೊಳಗೆ ಹಾಕಿದರು. ಧೈರ್ಯವಂತರೇನಲ್ಲ, ಲೆಕ್ಕಾಚಾರದವರು. ಅವತ್ತು ಲೆಕ್ಕ ಸರಿಯಾದ ಕಡೆ ಬಿತ್ತು.

ಸೂಜಿ ಅಕ್ಕ ಚೀಲದಿಂದ ಲೋಟ ತೆಗೆದು ಮತ್ತೆ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಬಂಗಾರಿ ಕಾಯಂ ಆಗಲು ಇನ್ನೂ ಆರು ತಿಂಗಳು ಕಾಯಬೇಕು, ಅಲ್ಲಿಯವರೆಗೆ ಸೂಜಿ ಅಕ್ಕನ ಕೈಕೆಳಗೆ ರಕ್ತ ತೆಗೆಯಬೇಕು ಎಂದಾಯಿತು. ಮನೆಯಲ್ಲಿ ಮಗ ನನ್ನೊಡನೆ ಹನ್ನೊಂದು ದಿನ ಮಾತು ಬಿಟ್ಟ. "ಸ್ವಂತ ಅಜ್ಜಿಯೇ ಹೀಗೆ ಮಾಡಿದ್ರೆ" ಎಂದು, ನನಗೆ ಕೇಳಲಿ ಎಂದೇ, ಫೋನಿನಲ್ಲಿ ಯಾರಿಗೋ ಗಟ್ಟಿಯಾಗಿ ಹೇಳುತ್ತಿದ್ದ. ಖಾಲಿ ಚೌಕಟ್ಟು ನೋಡಿದವರು ಏನಂದಾರು ಎಂದು ಸೊಸೆ ಅದರೊಳಗೆ ಬಂಗಾರಿ ಬಿಳಿ ಕೋಟು ತೊಟ್ಟು ನಿಂತಿರುವ ಫೋಟೊ ಸೇರಿಸಿದಳು. ಮೊಳೆ ವ್ಯರ್ಥವಾಗಲಿಲ್ಲ.

ಮೂರು ತಿಂಗಳಾದ ಮೇಲೆ ನಾನು ಮತ್ತೆ ಲ್ಯಾಬಿಗೆ ಹೋದೆ. ಸ್ಟೂಲಿನ ಮೇಲೆ ಬಂಗಾರಿ ಕೂತಿದ್ದಳು. ಉಗುರಿಗೆ ಬಣ್ಣವಿರಲಿಲ್ಲ. ಹಿಂದೆ ಸೂಜಿ ಅಕ್ಕ ನಿಂತು ಹತ್ತಿಯನ್ನು ಉಂಡೆ ಮಾಡುತ್ತಿದ್ದಳು. ಮೂರು ತಿಂಗಳಿಂದ ಮನೆಯಲ್ಲಿ ನನ್ನ ಮುಖ ನೋಡದವಳು ಈಗ ಅಲ್ಲಿ ನೋಡಲೇಬೇಕಾಯಿತು. ನೋಡಿದಳು, ಸಿಟ್ಟಿನಿಂದಲೇ.

"ನಿಮ್ಮ ಹೆಸರು ನೀವೇ ಹೇಳಿ."

ಹುಟ್ಟಿದಾಗಿನಿಂದ ನನ್ನ ಮಡಿಲಲ್ಲಿ ಬೆಳೆದವಳ ಬಾಯಲ್ಲಿ 'ನೀವು' ಕೇಳಿ ನನಗೆ ನಗು ಬಂತು. ನಗಲಿಲ್ಲ. ಪೂರ್ತಿ ಹೆಸರು ಹೇಳಿದೆ. ಅವಳು ನನ್ನ ತೋಳು ಹಿಡಿದಳು. ಕೈ ಮಂಜುಗಡ್ಡೆಯ ಹಾಗಿತ್ತು.

"ಕೈ ಉಜ್ಕೋ ಮೊದ್ಲು" ಎಂದಳು ಸೂಜಿ ಅಕ್ಕ ಹಿಂದಿನಿಂದ. "ಅಜ್ಜಿ ಬೆಚ್ಚಿ ಬೀಳ್ತಾರೆ."

ಬಂಗಾರಿ ನನ್ನ ತೋಳು ಬಿಟ್ಟಳು. ತುಟಿ ಬಿಗಿಹಿಡಿದು, ಯಾರೋ ಶಿಕ್ಷೆ ಕೊಟ್ಟ ಹಾಗೆ ಅಂಗೈಗಳನ್ನು ಉಜ್ಜತೊಡಗಿದಳು. ಎರಡು ಸಲ ಉಜ್ಜಿ ನಿಲ್ಲಿಸಿದಳು. ತನ್ನ ಕೆನ್ನೆಗೆ ಮುಟ್ಟಿಸಿ ನೋಡಿಕೊಂಡಳು. ಇನ್ನೂ ತಣ್ಣಗಿತ್ತೇನೋ, ಮತ್ತೆ ಉಜ್ಜಿದಳು.

ನಾನು ತೋಳು ಚಾಚಿಕೊಂಡೇ ಕಾದೆ.